ಶೋಲಾ ಕಾಡಿನ ಸುತ್ತಲ ಹುಲ್ಲು

ನೀಲಗಿರಿಯ ನೆತ್ತಿಯಲ್ಲಿ, ಸಮುದ್ರಮಟ್ಟದಿಂದ ಸುಮಾರು 2,000 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ, ಎರಡು ಸಸ್ಯಲೋಕಗಳು ಒಂದಕ್ಕೊಂದು ತಗುಲಿಕೊಂಡೇ ಇದ್ದರೂ ಬೆರೆಯದೆ ಬಾಳಿಕೊಂಡು ಬಂದಿವೆ. ತೊರೆಗಳು ಹುಟ್ಟುವ ತಗ್ಗುಗಳಲ್ಲಿ, ಗಾಳಿಯ ಹೊಡೆತ ತಾಕದ ಮಡಿಲುಗಳಲ್ಲಿ, ಗಿಡ್ಡ ಮರಗಳು ಒತ್ತೊತ್ತಾಗಿ ಬೆಳೆದು ಹಾವಸೆ, ಜರಿಗಿಡ, ಸೀತಾಳೆಗಳಿಂದ ತುಂಬಿಹೋದ ಶೋಲಾ ಕಾಡಿದೆ. ಅದರ ಅಂಚು ಮುಗಿದಲ್ಲಿಂದಲೇ ಇಳಿಜಾರು ದಿಬ್ಬಗಳನ್ನೆಲ್ಲ ಹುಲ್ಲು ಹೊದ್ದುಕೊಂಡಿದೆ. ಕರ್ನಾಟಕದ ಕುದುರೆಮುಖ, ಬಾಬಾಬುಡನ್‌ಗಿರಿ, ಬ್ರಹ್ಮಗಿರಿ, ಪುಷ್ಪಗಿರಿಗಳಲ್ಲಿಯೂ ಕೊಂಚ ಕಡಿಮೆ ಎತ್ತರದಲ್ಲಿ ಇದೇ ವಿನ್ಯಾಸ ಕಾಣುತ್ತದೆ. ಇಷ್ಟು ಮಳೆ ಬೀಳುವ ನೆಲದಲ್ಲಿ, ಪಕ್ಕದಲ್ಲಿಯೇ ಬೀಜ ಉದುರಿಸುವ ಮರಗಳಿದ್ದೂ, ಈ ಹುಲ್ಲುಗಾವಲು ಏಕೆ ಕಾಡಾಗಲಿಲ್ಲ ಎಂಬ ಪ್ರಶ್ನೆ ಸಸ್ಯಶಾಸ್ತ್ರದ ಒಂದು ಸಣ್ಣ ಒಗಟಿನಂತೆ ತೋರಬಹುದು. ಆದರೆ ಹವಾಮಾನ ಬದಲಾವಣೆಯ ಕಾಲದಲ್ಲಿ ಎಲ್ಲಿ ಮರ ನೆಡಬೇಕು, ಎಲ್ಲಿ ನೆಡಬಾರದು ಎಂಬ ನಿರ್ಧಾರ ಆ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ. ಆ ಉತ್ತರವನ್ನು ಹುಡುಕಲು ವಿಜ್ಞಾನಿಗಳು ಕೆಸರಿನ ಪದರಗಳಿಂದ ಉಪಗ್ರಹದ ಚಿತ್ರಗಳವರೆಗೆ ಅನೇಕ ದಾರಿಗಳನ್ನು ಹಿಡಿದಿದ್ದಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಆಡಳಿತಗಾರರಿಗೆ ಈ ಒಗಟು ಒಗಟಾಗಿಯೇ ಕಾಣಲಿಲ್ಲ. ತೋಡರ ಎಮ್ಮೆಗಳು ಮೇಯುತ್ತಿದ್ದ, ತೋಡರು ದೈವದ ನೆಲೆಯೆಂದು ನಡೆದುಕೊಳ್ಳುತ್ತಿದ್ದ ಹುಲ್ಲುಬೆಟ್ಟಗಳು ಅವರ ಕಡತಗಳಲ್ಲಿ ಪಾಳುಭೂಮಿಯಾದವು. 1840ರ ದಶಕದಿಂದ ಆಸ್ಟ್ರೇಲಿಯಾದ ವಾಟಲ್ ಜಾತಿಯ ಅಕೇಶಿಯಗಳು ಮತ್ತು ಕನ್ನಡದಲ್ಲಿ ನೀಲಗಿರಿ ಮರವೆಂದೇ ಹೆಸರಾದ ಯೂಕಲಿಪ್ಟಸ್ ಉದಕಮಂಡಲದ ಸುತ್ತ ಬೇರೂರಿದವು. ಮೊದಲು ಬೆಟ್ಟದ ಊರುಗಳ ಸೌದೆಗಾಗಿ, ಸ್ವಾತಂತ್ರ್ಯಾನಂತರ ಚರ್ಮ ಹದಮಾಡುವ ಟ್ಯಾನಿನ್‌ಗಾಗಿ ಮತ್ತು ಕೃತಕ ರೇಷ್ಮೆಯ ಕಾರ್ಖಾನೆಗಳಿಗೆ ಬೇಕಾದ ಮರದ ತಿರುಳಿಗಾಗಿ, ನೆಡುತೋಪುಗಳು ಹುಲ್ಲಿನ ಮೇಲೆಯೇ ಹರಡುತ್ತ ಹೋದವು. ಇದರ ಜೊತೆಗೆ ಚಹಾ, ತರಕಾರಿ ಬೇಸಾಯ ಮತ್ತು ಜಲವಿದ್ಯುತ್ ಯೋಜನೆಗಳ ಜಲಾಶಯಗಳು ಸೇರಿಕೊಂಡು ಹುಲ್ಲಿಗೆ ಉಳಿದ ಜಾಗ ವರ್ಷ ವರ್ಷವೂ ಕುಗ್ಗಿತು.

ಹುಲ್ಲು ಪಾಳಲ್ಲ, ಅದೂ ಒಂದು ಸಹಜ ವ್ಯವಸ್ಥೆ ಎಂಬ ವಾದವನ್ನು ವೈಜ್ಞಾನಿಕ ಭಾಷೆಯಲ್ಲಿ ಸ್ಪಷ್ಟವಾಗಿ ಮುಂದಿಟ್ಟವರಲ್ಲಿ ಅರಣ್ಯಾಧಿಕಾರಿ ಸಿ.ಆರ್. ರಂಗನಾಥನ್ ಪ್ರಮುಖರು. 1938ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು, ನೀಲಗಿರಿಯ ಚಳಿಗಾಲದ ರಾತ್ರಿಗಳಲ್ಲಿ ಬಯಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದರಿಂದ ಶೋಲಾ ಮರಗಳ ಎಳೆ ಸಸಿಗಳು ಅಲ್ಲಿ ಬದುಕಲಾರವು, ಆದ್ದರಿಂದ ಒಂದೇ ಹವಾಮಾನದಲ್ಲಿ ಕಾಡು ಮತ್ತು ಹುಲ್ಲು ಎರಡೂ ಸ್ಥಿರವಾಗಿ ನಿಲ್ಲಬಲ್ಲವು ಎಂದು ಪ್ರತಿಪಾದಿಸಿದರು. ಅದೇ ಕಾಲದ ಸಸ್ಯಶಾಸ್ತ್ರಜ್ಞ ಎನ್.ಎಲ್. ಬೋರ್ ಇದನ್ನು ಒಪ್ಪಲಿಲ್ಲ. ಬೆಂಕಿ ಹಾಕಿ, ದನಕರು ಮೇಯಿಸಿ, ಮನುಷ್ಯರೇ ಕಾಡನ್ನು ಹಿಮ್ಮೆಟ್ಟಿಸಿದ್ದರಿಂದ ಹುಲ್ಲು ಬಂತು ಎಂಬುದು ಅವರ ನಿಲುವಾಗಿತ್ತು. ಇಬ್ಬರಲ್ಲಿ ಯಾರು ಸರಿ ಎಂಬುದು ಕೇವಲ ಪಂಡಿತರ ಜಗಳವಾಗಿರಲಿಲ್ಲ. ಬೋರ್ ಹೇಳಿದ್ದು ನಿಜವಾದರೆ ಹುಲ್ಲಿನ ಮೇಲೆ ಮರ ನೆಡುವುದು ಕಳೆದುಹೋದ ಕಾಡನ್ನು ಮರಳಿ ತರುವ ಕೆಲಸವಾಗುತ್ತದೆ. ರಂಗನಾಥನ್ ಹೇಳಿದ್ದು ನಿಜವಾದರೆ ಅದೇ ಕೆಲಸ ಒಂದು ಪ್ರಾಚೀನ ವ್ಯವಸ್ಥೆಯ ನಾಶವಾಗುತ್ತದೆ. ಇದನ್ನು ಬಗೆಹರಿಸಲು ಮನುಷ್ಯರ ಬರಹಕ್ಕಿಂತ ಹಳೆಯದಾದ ದಾಖಲೆ ಬೇಕಿತ್ತು, ಮತ್ತು ಅಂಥ ದಾಖಲೆ ಆ ಬೆಟ್ಟಗಳ ಜೌಗಿನಲ್ಲಿಯೇ ಇತ್ತು.

ನೀಲಗಿರಿಯ ಕಣಿವೆಗಳ ತಳದಲ್ಲಿ ನೀರು ನಿಂತ ಜಾಗಗಳಲ್ಲಿ ಸತ್ತ ಹುಲ್ಲು, ಎಲೆ, ಬೇರುಗಳು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂಡುತ್ತ ಬಂದಿವೆ. ಹೀಗೆ ಅರೆಕೊಳೆತ ಸಸ್ಯಾವಶೇಷಗಳಿಂದಾದ ಕಪ್ಪು ಮಣ್ಣಿಗೆ ಪೀಟ್ ಎನ್ನುತ್ತಾರೆ. ಉಷ್ಣವಲಯದಲ್ಲಿ ಸತ್ತ ಸಸ್ಯ ಬೇಗ ಕೊಳೆತು ಮಣ್ಣಾಗಿಬಿಡುತ್ತದೆ. ಆದರೆ ಈ ಎತ್ತರದ ತಂಪು, ನೀರಿನ ಆಮ್ಲೀಯತೆ ಮತ್ತು ಆಮ್ಲಜನಕದ ಕೊರತೆ ಮೂರೂ ಸೇರಿ, ಜಾಡಿಯಲ್ಲಿ ಹಾಕಿಟ್ಟ ಉಪ್ಪಿನಕಾಯಿಯಂತೆ, ಸಾವಿರಾರು ವರ್ಷಗಳ ಹಿಂದಿನ ಹುಲ್ಲನ್ನು ಕೆಡದಂತೆ ಕಾಪಾಡಿವೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಯಾವ ಪದರ ಎಷ್ಟು ಹಳೆಯದೆಂಬುದನ್ನು ವಿಕಿರಣಶೀಲ ಇಂಗಾಲದಿಂದ ಲೆಕ್ಕ ಹಾಕುತ್ತಾರೆ. ಜೀವಿ ಬದುಕಿರುವಾಗ ವಾತಾವರಣದಿಂದ ಪಡೆಯುವ ಇಂಗಾಲ-14 ಎಂಬ ಅಸ್ಥಿರ ಪರಮಾಣು, ಅದು ಸತ್ತ ಬಳಿಕ ಪ್ರತಿ 5,730 ವರ್ಷಕ್ಕೆ ಅರ್ಧದಷ್ಟಾಗುತ್ತ ಹೋಗುವುದರಿಂದ, ಎಷ್ಟು ಉಳಿದಿದೆ ಎಂದು ಅಳೆದರೆ ವಯಸ್ಸು ತಿಳಿಯುತ್ತದೆ. ಸುಮಾರು 50,000 ವರ್ಷಗಳಾಚೆಗೆ ಮಾತ್ರ ಅಳೆಯಲು ಏನೂ ಉಳಿದಿರುವುದಿಲ್ಲ.

ವಯಸ್ಸಿನಷ್ಟೇ ಮುಖ್ಯವಾದುದು ಆ ಪದರವನ್ನು ಕಟ್ಟಿದ ಸಸ್ಯ ಯಾವುದು ಎಂಬ ಸಂಗತಿ, ಮತ್ತು ಇಲ್ಲಿ ಇಂಗಾಲದ ಇನ್ನೊಂದು ರೂಪ ನೆರವಿಗೆ ಬರುತ್ತದೆ. ಪ್ರಕೃತಿಯಲ್ಲಿರುವ ಇಂಗಾಲದ ನೂರು ಪರಮಾಣುಗಳಲ್ಲಿ ಹೆಚ್ಚುಕಡಿಮೆ 99 ಹಗುರವಾದ ಇಂಗಾಲ-12. ಒಂದರಷ್ಟು ಮಾತ್ರ ಕೊಂಚ ಭಾರವಾದ, ಆದರೆ ಸ್ಥಿರವಾದ ಇಂಗಾಲ-13. ಸಸ್ಯಗಳು ಬೆಳಕಿನ ನೆರವಿನಿಂದ ಆಹಾರ ತಯಾರಿಸುವಾಗ, ಅಂದರೆ ದ್ಯುತಿಸಂಶ್ಲೇಷಣೆಯಲ್ಲಿ, ಎರಡು ಮುಖ್ಯ ವಿಧಾನಗಳನ್ನು ಅನುಸರಿಸುತ್ತವೆ. ಮರಗಳು, ಪೊದೆಗಳು ಮತ್ತು ತಂಪು ತೇವದ ಹುಲ್ಲುಗಳು ಸಿ-3 ಎಂಬ ವಿಧಾನದವು, ಭಾರದ ಪರಮಾಣುವನ್ನು ಹೆಚ್ಚಾಗಿ ಬಿಟ್ಟುಬಿಡುತ್ತವೆ. ಒಣ ಹವೆಗೆ ಹೊಂದಿಕೊಂಡ ಬಹುಪಾಲು ಉಷ್ಣವಲಯದ ಹುಲ್ಲುಗಳು, ಜೋಳ ಮತ್ತು ರಾಗಿಯಂತೆ, ಸಿ-4 ವಿಧಾನದವು, ಅಷ್ಟಾಗಿ ಬಿಡುವುದಿಲ್ಲ. ಸಸ್ಯ ಸತ್ತು ಪೀಟ್ ಆದ ಮೇಲೆಯೂ ಈ ವ್ಯತ್ಯಾಸ ಅಳಿಸದೆ ಉಳಿಯುತ್ತದೆ. ಪರಮಾಣುಗಳನ್ನು ತೂಕದ ಪ್ರಕಾರ ಬೇರ್ಪಡಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಉಪಕರಣದಲ್ಲಿ ಚಿಟಿಕೆ ಪೀಟನ್ನು ಅಳೆದರೆ, ಆ ಕಾಲದಲ್ಲಿ ಆ ಕಣಿವೆಯ ಸುತ್ತ ಒಣಹವೆಯ ಹುಲ್ಲು ಹೆಚ್ಚಿತ್ತೋ, ಮರ ಮತ್ತು ತೇವದ ಸಸ್ಯಗಳು ಹೆಚ್ಚಿದ್ದವೋ ಎಂಬುದು ಅಂಕಿಯ ರೂಪದಲ್ಲಿ ದೊರೆಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್, ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಆರ್. ರಮೇಶ್ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ನೀಲಗಿರಿ ಪೀಟಿನ ಅಧ್ಯಯನ ಈ ವಿಧಾನದಿಂದ ಮೂಡಿದ್ದು; ಮುಂದೆ ಸ್ಯಾಂಡಿನಲ್ಲಾ ಕಣಿವೆಯ ಪದರಗಳ ನೆರವಿನಿಂದ ಆ ದಾಖಲೆ 40,000 ವರ್ಷಗಳ ಹಿಂದಕ್ಕೆ ಚಾಚಿತು. ಅದರಲ್ಲಿ ಓದಿದ ಕಥನ ಹೀಗಿದೆ. ಸುಮಾರು 20,000 ವರ್ಷಗಳ ಹಿಂದೆ, ಉತ್ತರ ಗೋಳಾರ್ಧದ ದೊಡ್ಡ ಭಾಗ ಹಿಮದಡಿ ಇದ್ದಾಗ, ನೈಋತ್ಯ ಮುಂಗಾರು ದುರ್ಬಲವಾಗಿತ್ತು, ನೀಲಗಿರಿಯಲ್ಲಿ ಒಣಹವೆಯ ಹುಲ್ಲು ಮೇಲುಗೈ ಸಾಧಿಸಿತ್ತು. ಹಿಮಯುಗ ಮುಗಿದು, ಸುಮಾರು 10,000 ವರ್ಷಗಳ ಹಿಂದೆ ಮುಂಗಾರು ಬಲಗೊಂಡಾಗ ಮರಗಳೂ ತೇವದ ಸಸ್ಯಗಳೂ ಹಬ್ಬಿದವು. ಬಳಿಕ 6,000ದಿಂದ 3,500 ವರ್ಷಗಳ ಹಿಂದಿನ ಅವಧಿಯಲ್ಲಿ ಮತ್ತೆ ಒಣಕಾಲ, ಮತ್ತೆ ಹುಲ್ಲಿನ ವಿಸ್ತರಣೆ. ಇಲ್ಲಿ ಮಳೆಯೊಂದೇ ಕಾರಣವಲ್ಲ ಎಂಬುದು ಗಮನಾರ್ಹ. ಹಿಮಯುಗದ ತುದಿಯಲ್ಲಿ ವಾತಾವರಣದ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 190 ಭಾಗ ಮಾತ್ರ ಇತ್ತು, ಅಷ್ಟು ಕಡಿಮೆ ಇದ್ದಾಗ ಸಿ-4 ಹುಲ್ಲು ಮರಗಳಿಗಿಂತ ಸಲೀಸಾಗಿ ಬೆಳೆಯಬಲ್ಲದು. ಕೈಗಾರಿಕಾ ಯುಗಕ್ಕೆ ಮೊದಲು 280 ಇದ್ದ ಆ ಪ್ರಮಾಣ, ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಆರಂಭಿಸಿದಾಗ 315ರ ಆಸುಪಾಸಿನಲ್ಲಿತ್ತು, ಈಗ 420ನ್ನು ದಾಟಿದೆ. ಹಿಮಯುಗದಲ್ಲಿ ತಕ್ಕಡಿ ಹುಲ್ಲಿನ ಕಡೆಗೆ ವಾಲಿತ್ತು, ಇಂದು ಅದೇ ತಕ್ಕಡಿ ಮರ ಮತ್ತು ಪೊದೆಗಳ ಕಡೆಗೆ ವಾಲುತ್ತಿದೆ.

ಈ ದಾಖಲೆ ಬೋರ್ ಅವರ ವಾದವನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಬೆಂಕಿ, ಮೇವು, ಬೇಸಾಯಗಳು ಇತ್ತೀಚಿನ ಸಹಸ್ರಮಾನಗಳಲ್ಲಿ ಹುಲ್ಲಿನ ಎಲ್ಲೆಯನ್ನು ಅತ್ತಿತ್ತ ಸರಿಸಿರಲು ಸಾಧ್ಯವಿದೆ. ಆದರೆ ಬೇಸಾಯವಾಗಲಿ ದನಕರುಗಳಾಗಲಿ ಈ ಬೆಟ್ಟ ಹತ್ತುವುದಕ್ಕೆ ಎಷ್ಟೋ ಸಾವಿರ ವರ್ಷಗಳ ಮೊದಲೇ ಅಲ್ಲಿ ವಿಶಾಲ ಹುಲ್ಲುಗಾವಲು ಇತ್ತೆಂಬುದನ್ನು ಇನ್ನು ಅಲ್ಲಗಳೆಯಲಾಗದು. ಮಾನವನಿರ್ಮಿತ ಪಾಳು ಎಂಬ ಹಣೆಪಟ್ಟಿ ಹಚ್ಚಿ ಒಂದೂವರೆ ಶತಮಾನ ನಡೆಸಿದ ನೆಡುತೋಪು ಕಾರ್ಯಕ್ರಮ ತಪ್ಪು ತಿಳಿವಳಿಕೆಯ ಮೇಲೆ ನಿಂತಿತ್ತು.

ಹೆಪ್ಪುಗಟ್ಟುವ ಇಬ್ಬನಿಯ ಬಗ್ಗೆ ರಂಗನಾಥನ್ ಹೇಳಿದ್ದನ್ನು ಪ್ರಯೋಗಕ್ಕೆ ಒಡ್ಡುವ ಕೆಲಸ ಎಂಟು ದಶಕಗಳ ಬಳಿಕ ನಡೆಯಿತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಅತುಲ್ ಜೋಶಿ, ಜಯಶ್ರೀ ರತ್ನಮ್, ಮಹೇಶ್ ಶಂಕರನ್ ಮೊದಲಾದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಡಿನೊಳಗೂ ಪಕ್ಕದ ಹುಲ್ಲಿನಲ್ಲಿಯೂ ತಾಪಮಾನವನ್ನು ದಾಖಲಿಸಿ, ಸಸಿಗಳ ಅಳಿವು ಉಳಿವನ್ನು ಹೋಲಿಸಿ ನೋಡಿದರು. ಮೋಡವಿಲ್ಲದ ಚಳಿಗಾಲದ ರಾತ್ರಿಯಲ್ಲಿ ಬಯಲಿನ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಶೂನ್ಯ ಡಿಗ್ರಿಗಿಂತ ಕೆಳಕ್ಕೆ ಇಳಿಯುತ್ತದೆ, ಆದರೆ ಕೆಲವೇ ಹೆಜ್ಜೆಗಳಾಚೆ ಶೋಲಾದ ಎಲೆಚಪ್ಪರದಡಿ ಆ ಶಾಖ ಉಳಿದುಕೊಳ್ಳುವುದರಿಂದ ಅಷ್ಟು ಚಳಿ ಇರುವುದಿಲ್ಲ. ಕಾಡಿನ ಮರದ ಬೀಜ ಹುಲ್ಲಿನಲ್ಲಿ ಬಿದ್ದು ಮೊಳೆತರೂ ಚಳಿಗಾಲದ ಹೊಡೆತವನ್ನು ತಾಳಿಕೊಳ್ಳುವುದು ಕಷ್ಟ. ಕಾಡು ತನ್ನ ನೆರಳಿನಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ, ಬಯಲು ತನ್ನ ಚಳಿಯಿಂದ ತನ್ನನ್ನು ಕಾಪಾಡಿಕೊಳ್ಳುತ್ತದೆ. ಎಲ್ಲೆ ಗೆರೆ ಎಳೆದಂತೆ ಇರುವುದು ಇದರಿಂದಲೇ. ಆದರೆ ಆಸ್ಟ್ರೇಲಿಯಾದ ವಾಟಲ್ ಸಸಿಗಳನ್ನು ಈ ಚಳಿ ಅಷ್ಟಾಗಿ ತಡೆಯದು, ಮತ್ತು ರಾತ್ರಿಯ ತಾಪಮಾನ ಏರಿ ಹೆಪ್ಪುಗಟ್ಟುವ ರಾತ್ರಿಗಳು ಕಡಿಮೆಯಾದಷ್ಟೂ ಹುಲ್ಲಿನ ಈ ಕಾವಲು ಸಡಿಲವಾಗುತ್ತ ಹೋಗುತ್ತದೆ. ಹೊರಗಿನಿಂದ ಬಂದ ಮರ ಮತ್ತು ಬಿಸಿಯಾಗುತ್ತಿರುವ ಹವೆ ಇಲ್ಲಿ ಪರಸ್ಪರ ಕೈಜೋಡಿಸಿವೆ, ಒಂದನ್ನು ಬಿಟ್ಟು ಇನ್ನೊಂದನ್ನು ಅಳೆದರೆ ಅಪಾಯದ ಅರ್ಧ ಮಾತ್ರ ಕಾಣುತ್ತದೆ.

ಮುಂದೆ ಬರಲಿರುವ ಬಿಸಿಯನ್ನು ಈಗಲೇ ಸೃಷ್ಟಿಸಿ ನೋಡುವ ಒಂದು ಸರಳ ಪ್ರಯೋಗವೂ ಇದೇ ಬೆಟ್ಟಗಳಲ್ಲಿ ನಡೆದಿದೆ. ಹುಲ್ಲಿನ ಒಂದು ಚಿಕ್ಕ ಮಡಿಯ ಸುತ್ತ ಪಾರದರ್ಶಕ ಫಲಕಗಳನ್ನು ನಿಲ್ಲಿಸಿ, ಮೇಲ್ಭಾಗವನ್ನು ತೆರೆದೇ ಬಿಟ್ಟರೆ, ಮಳೆ ಬಿಸಿಲುಗಳು ಎಂದಿನಂತೆ ಒಳಬರುತ್ತವೆ, ಗಾಳಿ ಮಾತ್ರ ತಡೆಯಲ್ಪಟ್ಟು ಒಳಗಿನ ಹವೆ ಹೊರಗಿಗಿಂತ ತುಸು ಬೆಚ್ಚಗಾಗುತ್ತದೆ. ಯದುಗಿರಿ ತಿರುವೈಮೊಳಿ ಮತ್ತು ಮಹೇಶ್ ಶಂಕರನ್ ಇಂಥ ಆವರಣಗಳಲ್ಲಿ ಮಣ್ಣಿನ ಉಸಿರಾಟವನ್ನು, ಅಂದರೆ ಬೇರುಗಳೂ ಸೂಕ್ಷ್ಮಜೀವಿಗಳೂ ಹೊರಬಿಡುವ ಇಂಗಾಲದ ಡೈಆಕ್ಸೈಡನ್ನು ಅಳೆದಾಗ, ಬೆಚ್ಚಗಾದ ಮಣ್ಣಿನಿಂದ ಹೆಚ್ಚು ಅನಿಲ ಹೊರಡುತ್ತದೆ ಮತ್ತು ಅದರ ಬಹುಪಾಲು ಬೇರಿನದಲ್ಲ, ಮಣ್ಣಿನಲ್ಲಿ ಕೂಡಿಟ್ಟ ಹಳೆಯ ಸಸ್ಯಾಂಶವನ್ನು ಒಡೆದು ತಿನ್ನುವ ಸೂಕ್ಷ್ಮಜೀವಿಗಳದ್ದು ಎಂದು ತಿಳಿದುಬಂತು. ಹುಲ್ಲುಗಾವಲಿನಲ್ಲಿ ಇಂಗಾಲದ ಹೆಚ್ಚಿನ ಪಾಲು ಕಣ್ಣಿಗೆ ಕಾಣುವ ಹಸುರಿನಲ್ಲಿರದೆ ನೆಲದೊಳಗೆ ಇರುತ್ತದೆ. ಕಾಡುಗಿಚ್ಚು ಮೇಲಿನ ಹುಲ್ಲನ್ನು ಸುಟ್ಟರೂ ಆ ಸಂಗ್ರಹ ಬಹುಮಟ್ಟಿಗೆ ಉಳಿಯುತ್ತದೆ, ನೆಲವನ್ನು ಅಗೆದು ಕಲಕಿದರೆ ಉಳಿಯುವುದು ಕಷ್ಟ. ಬೆಟ್ಟವನ್ನು ಮರಗಳ ಸಂಖ್ಯೆಯಿಂದ ಮಾತ್ರ ಬೆಲೆಕಟ್ಟುವವರ ಗಮನಕ್ಕೆ ಬಾರದ ಸಂಗತಿ ಇದು.

ನೀರಿನ ಲೆಕ್ಕ ಇನ್ನೂ ಹಳೆಯದು, ಮತ್ತು ಇಷ್ಟು ಖಚಿತವಾದ ಲೆಕ್ಕ ಕೈಯಲ್ಲಿದ್ದೂ ಅದನ್ನು ಬಹುಕಾಲ ಮೂಲೆಗಿಟ್ಟದ್ದು ದುಃಖದ ವಿಷಯ. ಉದಕಮಂಡಲದ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಗ್ಲೆನ್‌ಮಾರ್ಗನ್ ಎಂಬಲ್ಲಿ 1968ರಿಂದ ಜೋಡಿ ಜಲಾನಯನ ವಿಧಾನದ ಪ್ರಯೋಗ ನಡೆಸಿದರು. ಒಂದೇ ಬಗೆಯ ಎರಡು ಚಿಕ್ಕ ಕಣಿವೆಗಳನ್ನು ಆರಿಸಿ, ಎರಡರಿಂದಲೂ ಹೊರಹರಿಯುವ ನೀರನ್ನು ಕೆಲವು ವರ್ಷ ಅಳೆದು ಅವುಗಳ ಸಂಬಂಧವನ್ನು ಗೊತ್ತುಮಾಡಿಕೊಂಡು, ಅನಂತರ ಒಂದನ್ನು ಹಾಗೆಯೇ ಬಿಟ್ಟು ಇನ್ನೊಂದರ ಅರ್ಧಕ್ಕೂ ಹೆಚ್ಚು ಭಾಗದಲ್ಲಿ ನೀಲಗಿರಿ ಮರ ನೆಟ್ಟು ಮತ್ತೆ ಅಳೆಯುವುದು ಈ ವಿಧಾನದ ಕ್ರಮ. ಹತ್ತು ವರ್ಷಗಳ ಮೊದಲ ಕಟಾವಿನ ಅವಧಿಯಲ್ಲಿ ಮರ ನೆಟ್ಟ ಕಣಿವೆಯಿಂದ ಹೊರಬರುವ ನೀರು ಶೇ 16ರಷ್ಟು ಕಡಿಮೆಯಾಯಿತು. ಮಳೆಯಿಲ್ಲದ ತಿಂಗಳುಗಳಲ್ಲಿ ತೊರೆಯನ್ನು ಬತ್ತದಂತೆ ನಡೆಸುವ ಒರತೆಯ ನೀರೂ ಕುಗ್ಗಿತು. ಈ ಬೆಟ್ಟಗಳ ನೀರು ಮೋಯಾರ್, ಭವಾನಿಗಳ ಮೂಲಕ ಕಾವೇರಿ ಸೇರುತ್ತದೆ. ಮಳೆ ಅಕಾಲಿಕವಾಗಿ, ಅಡ್ಡಾದಿಡ್ಡಿಯಾಗಿ ಬೀಳುವ ಕಾಲದಲ್ಲಿ, ಸುರಿದ ಮಳೆಯನ್ನು ಹಿಡಿದಿಟ್ಟು ನಿಧಾನವಾಗಿ ಬಿಡುವ ಹುಲ್ಲುಬೆಟ್ಟದ ಗುಣ ಇನ್ನಷ್ಟು ಬೆಲೆಯುಳ್ಳದ್ದಾಗುತ್ತದೆ.

ಎಷ್ಟು ಹುಲ್ಲು ಹೋಯಿತೆಂಬುದನ್ನು ಹೇಳುವುದು ಉಪಗ್ರಹ. ಎಂ. ಅರಸುಮಣಿ, ಮಿಲಿಂದ್ ಬುನ್ಯನ್, ವಿ.ವಿ. ರಾಬಿನ್ ಮತ್ತು ಸಂಗಡಿಗರು 1973ರಿಂದ 2017ರವರೆಗಿನ ಚಿತ್ರಗಳನ್ನು ಹೋಲಿಸಿ, ಪಶ್ಚಿಮ ಘಟ್ಟದ ಶೋಲಾ ನೆಲೆಗಳಲ್ಲಿ ಸುಮಾರು 340 ಚದರ ಕಿಲೋಮೀಟರ್, ಅಂದರೆ ಶೇ 23ರಷ್ಟು ಹುಲ್ಲುಗಾವಲು ಹೊರದೇಶದ ಮರಗಳ ಪಾಲಾಗಿದೆ ಎಂದು 2019ರಲ್ಲಿ ವರದಿ ಮಾಡಿದರು. ಕೊಡೈಕೆನಾಲ್ ಇರುವ ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳಲ್ಲಿ ಮೂರನೇ ಎರಡು ಭಾಗ ಹುಲ್ಲು ಕಾಣೆಯಾಗಿದೆ. ನೆಟ್ಟ ತೋಪುಗಳಿಂದ ವಾಟಲ್ ತಾನಾಗಿಯೇ ಹರಡುವುದು ನಿಂತಿಲ್ಲವಾದ್ದರಿಂದ, ನೆಡುವುದು ನಿಂತ ಮೇಲೆಯೂ ನಷ್ಟ ಮುಂದುವರಿದಿರುವುದು ಈ ಚಿತ್ರಗಳಲ್ಲಿ ಕಾಣುತ್ತದೆ. ಇಲ್ಲಿನ ಜೀವಿಗಳಿಗೆ ಹೋಗಲು ಬೇರೆ ಜಾಗವಿಲ್ಲ. ನೀಲಗಿರಿ ಪಿಪಿಟ್ ಎಂಬ ಪುಟ್ಟ ಹಕ್ಕಿ, ನೀಲಗಿರಿ ತಾರ್ ಎಂಬ ಕಾಡುಮೇಕೆ, ಇವು ಈ ಎತ್ತರದ ಹುಲ್ಲಿನಲ್ಲಿ ಮಾತ್ರ ಬಾಳುವಂಥವು. ಹವೆ ಬಿಸಿಯಾದಂತೆ ತಂಪನ್ನರಸಿ ಮೇಲೇರಲು ಬೆಟ್ಟವೇ ಮುಗಿದುಹೋಗಿರುತ್ತದೆ. ಸುತ್ತಲ ಬಿಸಿ ತಗ್ಗುಗಳ ನಡುವೆ ದ್ವೀಪಗಳಂತೆ ಬೇರ್ಪಟ್ಟ ಈ ಶಿಖರಗಳಲ್ಲಿ ಹಕ್ಕಿಗಳು ಎಷ್ಟು ದೀರ್ಘಕಾಲ ಪ್ರತ್ಯೇಕವಾಗಿ ವಿಕಾಸಗೊಂಡಿವೆ ಎಂಬುದಕ್ಕೆ, 2017ರಲ್ಲಿ ರಾಬಿನ್ ಮತ್ತು ಸಹ ಸಂಶೋಧಕರು ವಂಶವಾಹಿಗಳ ಆಧಾರದಿಂದ ಇಲ್ಲಿನ ಹಕ್ಕಿಗಳಿಗಾಗಿ ಶೋಲಿಕೋಲ, ಮಾಂಟಿಸಿಂಕ್ಲ ಎಂಬ ಎರಡು ಹೊಸ ಕುಲಗಳನ್ನೇ ಹೆಸರಿಸಬೇಕಾಗಿ ಬಂದದ್ದು ಸಾಕ್ಷಿ.

ಅದೇ ನೀಲಗಿರಿಯ ಉತ್ತರದ ಬುಡದಲ್ಲಿ, ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯ ಎಲೆಯುದುರುವ ಕಾಡಿನಲ್ಲಿ, ಇನ್ನೊಂದು ಬಗೆಯ ತಾಳ್ಮೆಯ ಅಧ್ಯಯನ ನಡೆದಿದೆ. ಸುಕುಮಾರ್ ಮತ್ತು ಅವರ ತಂಡ 1988ರಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಎದೆಮಟ್ಟದಲ್ಲಿ ಒಂದು ಸೆಂಟಿಮೀಟರಿಗಿಂತ ದಪ್ಪವಿರುವ ಪ್ರತಿಯೊಂದು ಮರಗಿಡಕ್ಕೂ ಸಂಖ್ಯೆಯ ಬಿಲ್ಲೆ ಕಟ್ಟಿ, ಅದರ ಜಾತಿ, ಸ್ಥಾನ, ಗಾತ್ರಗಳನ್ನು ದಾಖಲಿಸಿತು. ಮೊದಲ ಎಣಿಕೆಯಲ್ಲಿ 70ಕ್ಕೂ ಹೆಚ್ಚು ಪ್ರಭೇದಗಳ ಸುಮಾರು 26,000 ಮರಗಿಡಗಳು ಸಿಕ್ಕವು. ನಂದಿ, ಮತ್ತಿ, ದಿಂಡುಗ, ತೇಗ, ಕಕ್ಕೆಗಳಂಥ ಪರಿಚಿತ ಮರಗಳ ಕಾಡು ಅದು. ಪ್ರತಿವರ್ಷ ಯಾವ ಮರ ಸತ್ತಿತು, ಯಾವುದು ಹೊಸದಾಗಿ ಸೇರಿತು ಎಂದು ಗುರುತಿಸುತ್ತ, ನಾಲ್ಕು ವರ್ಷಗಳಿಗೊಮ್ಮೆ ಎಲ್ಲವುಗಳ ದಪ್ಪವನ್ನು ಮತ್ತೆ ಅಳೆಯುತ್ತ ಬಂದಿದ್ದಾರೆ. ಕಾಂಡದ ದಪ್ಪ ಮತ್ತು ಆ ಜಾತಿಯ ಮರದ ಸಾಂದ್ರತೆ ಗೊತ್ತಿದ್ದರೆ ಮರದ ಒಣತೂಕವನ್ನು ಅಂದಾಜಿಸಬಹುದು, ಒಣತೂಕದ ಹೆಚ್ಚುಕಡಿಮೆ ಅರ್ಧ ಇಂಗಾಲವಾದ್ದರಿಂದ ಇಡೀ ಕಾಡು ಎಷ್ಟು ಇಂಗಾಲವನ್ನು ಹಿಡಿದಿದೆ, ಹೆಚ್ಚಿಸಿಕೊಳ್ಳುತ್ತಿದೆಯೋ ಕಳೆದುಕೊಳ್ಳುತ್ತಿದೆಯೋ ಎಂಬುದೂ ತಿಳಿಯುತ್ತದೆ.

ಮುದುಮಲೆಯ ಅನುಭವದಲ್ಲಿ ಎರಡು ಸಂಗತಿಗಳು ವಿಶೇಷವಾಗಿ ಹೇಳಬೇಕಾದವು. ಮೊದಲ ಎಣಿಕೆಯಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿದ್ದ ಕೈಡಿಯಾ, ಅಂದರೆ ಕಾಡಂಚಿನವರು ಬೆಂಡೆ ಎಂದು ಕರೆಯುವ ಮರ, ಕೆಲವೇ ವರ್ಷಗಳಲ್ಲಿ ತೀವ್ರವಾಗಿ ಕುಸಿಯಿತು. ಕಾರಣ ಹವಾಮಾನವಲ್ಲ, ಅದರ ತೊಗಟೆಯನ್ನು ಇಷ್ಟಪಟ್ಟು ತಿನ್ನುವ ಆನೆಗಳು. ಆನೆ, ಬೆಂಕಿ, ಬರ ಇವುಗಳ ಪಾಲನ್ನು ಬೇರೆಬೇರೆಯಾಗಿ ಗುರುತಿಸಿದ ಬಳಿಕವೇ ಹವಾಮಾನದ ಮೇಲೆ ಹೊರಿಸಬೇಕಾದ ಹೊಣೆ ಎಷ್ಟೆಂದು ಹೇಳಲು ಸಾಧ್ಯ ಎಂಬ ಎಚ್ಚರವನ್ನು ಈ ಮರ ಕಲಿಸಿತು. ಎರಡನೆಯದು ಬರದ್ದು. ಹತ್ತೊಂಬತ್ತು ವರ್ಷಗಳ ದಾಖಲೆಯನ್ನು ವಿಶ್ಲೇಷಿಸಿ ಎಚ್.ಎಸ್. ಸುರೇಶ್, ಎಚ್.ಎಸ್. ದತ್ತರಾಜ ಮತ್ತು ಸುಕುಮಾರ್ 2010ರಲ್ಲಿ ತೋರಿಸಿದಂತೆ, ಮಳೆ ಕೊರತೆಯಾದ ವರ್ಷವೇ ಮರಗಳು ಸಾಯುವುದಿಲ್ಲ, ಎರಡು ಮೂರು ವರ್ಷಗಳ ಬಳಿಕ ಸಾವು ಏರುತ್ತದೆ. ಒಂದು ಯೋಜನೆಯ ಅವಧಿ ಮುಗಿಯಿತೆಂದು ಮೂರನೆಯ ವರ್ಷಕ್ಕೆ ಕಾಡು ಬಿಟ್ಟು ಹೋದವರಿಗೆ ಈ ಸಾವುಗಳು ಕಾಣುತ್ತಲೇ ಇರಲಿಲ್ಲ. ಪನಾಮಾದ ಬಾರೋ ಕೊಲೊರಾಡೊ ದ್ವೀಪದಲ್ಲಿ 1980ರ ದಶಕದ ಆರಂಭದಲ್ಲಿ ಮೊದಲಾದ ಇಂಥ ದೊಡ್ಡ ಎಣಿಕೆ ತಾಣಗಳು ಈಗ ಜಗತ್ತಿನಲ್ಲಿ 70ಕ್ಕೂ ಹೆಚ್ಚಿವೆ. ಇದೇ ಬಗೆಯ ಮರಗಣತಿಯಿಂದ, ಆಫ್ರಿಕಾ ಮತ್ತು ಅಮೆಜಾನ್‌ನ ನೂರಾರು ಸಣ್ಣ ತಾಣಗಳ ಲೆಕ್ಕವನ್ನು ಜೋಡಿಸಿದಾಗ, ಉಷ್ಣವಲಯದ ಅಖಂಡ ಕಾಡುಗಳು 1990ರ ದಶಕದಲ್ಲಿ ಹೀರಿಕೊಂಡ ಇಂಗಾಲದ ಡೈಆಕ್ಸೈಡ್ ಸುಮಾರು 4,600 ಕೋಟಿ ಟನ್ ಇದ್ದದ್ದು 2010ರ ದಶಕಕ್ಕೆ ಸುಮಾರು 2,500 ಕೋಟಿ ಟನ್ನಿಗೆ ಇಳಿದಿದೆ ಎಂದು 2020ರಲ್ಲಿ ಗೊತ್ತಾಯಿತು. ಕಾಡು ಎಂದೆಂದಿಗೂ ನಮ್ಮ ಹೊಗೆಯನ್ನು ನುಂಗುತ್ತಲೇ ಇರುತ್ತದೆ ಎಂಬ ನೆಮ್ಮದಿಗೆ ಇದರಿಂದ ಪೆಟ್ಟು ಬಿದ್ದಿದೆ.

ಭವಿಷ್ಯವನ್ನು ಗಣಕ ಮಾದರಿಗಳಿಂದ ಊಹಿಸುವ ಪ್ರಯತ್ನಗಳೂ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದಿವೆ. ಎನ್.ಎಚ್. ರವೀಂದ್ರನಾಥ್ ಮತ್ತು ಸಹೋದ್ಯೋಗಿಗಳ 2006ರ ಅಧ್ಯಯನ, ಹೊಗೆಯ ಹೊರಸೂಸುವಿಕೆ ಹೆಚ್ಚಿರುವ ಸನ್ನಿವೇಶದಲ್ಲಿ ಈ ಶತಮಾನದ ಕೊನೆಯ ಭಾಗಕ್ಕೆ ದೇಶದ ಅರಣ್ಯದ ಚೌಕಗಳಲ್ಲಿ ಶೇ 77ರಷ್ಟರ ಕಾಡಿನ ಬಗೆ ಬದಲಾಗಬಹುದೆಂದು ಅಂದಾಜಿಸಿತ್ತು. 2011ರಲ್ಲಿ ಬೇರೊಂದು ಸಸ್ಯಮಾದರಿಯನ್ನು ಬಳಸಿದಾಗ ಅದು ಶೇ 45ಕ್ಕೆ ಇಳಿಯಿತು, ಪಶ್ಚಿಮ ಘಟ್ಟದ ಉತ್ತರ ಭಾಗ ಹೆಚ್ಚು ದುರ್ಬಲವೆಂದೂ ದಕ್ಷಿಣ ಭಾಗ ಕಡಿಮೆ ದುರ್ಬಲವೆಂದೂ ಕಂಡಿತು. ಈ ವ್ಯತ್ಯಾಸ ವಿಜ್ಞಾನದ ಸೋಲಲ್ಲ. ಮಾದರಿಯ ಚೌಕ ಬಹಳ ದೊಡ್ಡದಾದ್ದರಿಂದ ಒಂದು ಶೋಲಾ, ಅದರ ಪಕ್ಕದ ಒಂದು ಹುಲ್ಲುದಿಬ್ಬ ಅದರೊಳಗೆ ಬೇರೆಯಾಗಿ ತೋರುವುದೇ ಇಲ್ಲ, ಹಾಗಾಗಿ ನೆಲದ ಮೇಲಿನ ಅಳತೆಯಿಂದ ಮಾದರಿಯನ್ನು ಮತ್ತೆ ಮತ್ತೆ ತಿದ್ದಬೇಕಾಗುತ್ತದೆ.

ಆದರೆ ನೀತಿ ನಿರೂಪಣೆ ಇಷ್ಟು ಕಾಯುವುದಿಲ್ಲ. ಪ್ಯಾರಿಸ್ ಒಪ್ಪಂದದ ಭಾಗವಾಗಿ 2030ರ ಹೊತ್ತಿಗೆ ಅರಣ್ಯ ಮತ್ತು ಮರಗಳ ಹೊದಿಕೆಯ ಮೂಲಕ 250ರಿಂದ 300 ಕೋಟಿ ಟನ್ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೆಚ್ಚುವರಿ ಹೀರುವ ಶಕ್ತಿಯನ್ನು ಸೃಷ್ಟಿಸುವುದಾಗಿ ಭಾರತ ಮಾತು ಕೊಟ್ಟಿದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ಲೆಕ್ಕದಲ್ಲಿ, ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದ ಶೇ 10ರಷ್ಟನ್ನಾದರೂ ಎಲೆಚಪ್ಪರ ಮುಚ್ಚಿದ್ದರೆ, ಮರ ಯಾವ ಜಾತಿಯದಾದರೂ, ಅದು ಅರಣ್ಯ ಹೊದಿಕೆ. ಈ ವ್ಯಾಖ್ಯೆಯ ಪ್ರಕಾರ 20,000 ವರ್ಷಗಳ ಇತಿಹಾಸವುಳ್ಳ ಹುಲ್ಲುಬೆಟ್ಟ ಅರಣ್ಯದ ಲೆಕ್ಕಕ್ಕೆ ಬರುವುದಿಲ್ಲ. ಅದರ ಮೇಲೆ ವಾಟಲ್ ಹರಡಿಕೊಂಡರೆ ದೇಶದ ಹಸಿರು ಹೆಚ್ಚಿದಂತೆ ದಾಖಲಾಗುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಇದೇ ಆಯಿತು. 90 ಕೋಟಿ ಹೆಕ್ಟೇರಿನಲ್ಲಿ ಮರ ಬೆಳೆಸಿ 20,500 ಕೋಟಿ ಟನ್ ಇಂಗಾಲವನ್ನು ಹಿಡಿದಿಡಬಹುದೆಂದು 2019ರಲ್ಲಿ 'ಸೈನ್ಸ್' ಪತ್ರಿಕೆಯ ಲೇಖನವೊಂದು ಹೇಳಿದಾಗ, ಜಗತ್ತಿನ ಹುಲ್ಲುಗಾವಲು ತಜ್ಞರು ಅದೇ ಪತ್ರಿಕೆಯಲ್ಲಿ ಪ್ರತಿಕ್ರಿಯಿಸಿ, ಸಹಜ ಹುಲ್ಲುಗಾವಲುಗಳನ್ನೂ ಸವಾನ್ನಾಗಳನ್ನೂ ಮರ ನೆಡುವ ಜಾಗವೆಂದು ಎಣಿಸಿ, ಮಣ್ಣಿನಲ್ಲಿ ಈಗಾಗಲೇ ಇರುವ ಇಂಗಾಲವನ್ನು ಮರೆತದ್ದರಿಂದ ಆ ಅಂಕಿ ಸುಮಾರು ಐದು ಪಟ್ಟು ಉಬ್ಬಿದೆ ಎಂದು ತೋರಿಸಿದರು. ಮರ ನೆಡುವುದನ್ನು ಈ ವಿಜ್ಞಾನಿಗಳು ವಿರೋಧಿಸುತ್ತಿಲ್ಲ. ಕಡಿದು ಬರಿದಾದ ಕಾಡಿನ ನೆಲದಲ್ಲಿ ಕಾಡನ್ನೂ, ಹುಲ್ಲಿನ ನೆಲದಲ್ಲಿ ಹುಲ್ಲನ್ನೂ ಮರಳಿ ತರಬೇಕೆಂಬುದು ಅವರ ಕೇಳಿಕೆ, ಮತ್ತು ಮಲೆನಾಡಿನ ಬೋಳುಗುಡ್ಡಗಳಲ್ಲಿ ಅಕೇಶಿಯ ನೆಟ್ಟು ಹಸಿರು ಮಾಡಿದೆವೆಂದು ಬೀಗಿದ ಕರ್ನಾಟಕಕ್ಕೂ ಅದು ಅಷ್ಟೇ ಅನ್ವಯಿಸುತ್ತದೆ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವುದು ಕುದುರೆಮುಖದ ಅಂಥ ಹುಲ್ಲು ಮತ್ತು ಶೋಲಾಗಳ ಮಡಿಲಿನಲ್ಲಿ.

ಹೋದ ಹುಲ್ಲನ್ನು ಮರಳಿ ತರುವುದು ಮರ ಕಡಿದಷ್ಟು ಸುಲಭವಲ್ಲ. ವಾಟಲ್ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವಂತವಾಗಿ ಬಿದ್ದಿರುತ್ತದೆ. ಮರ ಕಡಿದು ಬೆಳಕು ಬಿದ್ದೊಡನೆ ಸಾವಿರಾರು ಮೊಳಕೆಗಳು ಒಮ್ಮೆಲೇ ಏಳುತ್ತವೆ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳ ಮೂಲಕ ನೆಲಕ್ಕೆ ಸೇರಿಸುವ ಜಾತಿಗಳಾದ್ದರಿಂದ ವಾಟಲ್ ಮತ್ತು ಯುರೋಪಿನಿಂದ ಬಂದ ಸ್ಕಾಚ್ ಬ್ರೂಮ್ ಪೊದೆ ಮಣ್ಣಿನ ಗುಣವನ್ನೇ ಬದಲಿಸಿರುತ್ತವೆ, ಹಾಗೆ ಸಾರಜನಕ ಹೆಚ್ಚಿದ ನೆಲದಲ್ಲಿ ಬಡಮಣ್ಣಿಗೆ ಒಗ್ಗಿದ ಸ್ಥಳೀಯ ಹುಲ್ಲು ಸೋಲುತ್ತದೆ. ಹಳೆಯ ತೋಪುಗಳಲ್ಲಿ ಕೆಲವು ಕಡೆ ವಾಟಲ್ ನೆರಳಿನಡಿ ಶೋಲಾದ ಸ್ಥಳೀಯ ಮರಗಳ ಸಸಿಗಳು ಚಿಗುರಿರುವುದರಿಂದ, ಎಲ್ಲವನ್ನೂ ಒಮ್ಮೆಲೇ ಬುಡಮೇಲು ಮಾಡಿದರೆ ಅವೂ ಹೋಗುತ್ತವೆ. ಆದ್ದರಿಂದ ಉಪಗ್ರಹ ಚಿತ್ರಗಳ ನೆರವಿನಿಂದ ಮೊದಲು ಹುಲ್ಲು ಇನ್ನೂ ಗಟ್ಟಿಯಾಗಿರುವ, ಆಕ್ರಮಣ ಈಗಷ್ಟೇ ಆರಂಭವಾದ ಅಂಚುಗಳನ್ನು ಗುರುತಿಸಿ, ಅಲ್ಲಿ ಎಳೆ ವಾಟಲ್ ಸಸಿಗಳನ್ನು ಬೇರುಸಹಿತ ಕಿತ್ತು, ಮೊಳಕೆ ಏಳುವುದು ನಿಲ್ಲುವವರೆಗೆ ಪ್ರತಿವರ್ಷ ಅದೇ ಜಾಗಕ್ಕೆ ಹಿಂತಿರುಗಬೇಕೆಂಬುದು ಸಂಶೋಧಕರ ಸಲಹೆ. ಇದಕ್ಕೆ ಬೇಕಾಗುವುದು ದೀರ್ಘಾವಧಿಯ ಕೂಲಿ ಹಣ, ಹುಲ್ಲನ್ನು ಗುರುತಿಸಬಲ್ಲ ಸ್ಥಳೀಯರು ಮತ್ತು ಸರ್ಕಾರಿ ದಾಖಲೆಗಳಲ್ಲಿ ಹುಲ್ಲುಗಾವಲಿಗೆ ಅದರದೇ ಹೆಸರಿನ ಒಂದು ಕಲಮು.